ಚೋಟವ್ವನ ಬಲ ಎಷ್ಟು

ಸಂಗಮೇಶ ಬರೆದದ್ದು ಒಂದೇ ಒಂದು ಸಾಲು. ಇನ್ನೂರು ಪುಟದ ನೋಟ್‌ಬುಕ್ಕಿನ ಹದಿನಾಲ್ಕನೇ ಪುಟದಲ್ಲಿ, ನೀಲಿ ಶಾಯಿಯಲ್ಲಿ, ಕೆಳಗೆ ಗೆರೆ ಎಳೆದು: "ಗಿಡ್ಡರಿಗೆ ಬಲದಲ್ಲಿ ಮೂರು ಕಡಿತ." ಆ ಸಾಲಿನ ದೆಸೆಯಿಂದಲೇ ತನ್ನ ಹೆಂಡತಿ ಅನ್ನಪೂರ್ಣ ಆರು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ ಎಂದು ಅವನು ಖಾತ್ರಿ ಮಾಡಿಕೊಂಡಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗಮೇಶ ಮಡಿವಾಳದಲ್ಲಿ ಒಂದು ಖಾಸಗಿ ಬಸ್ಸಿನವರ ಪಾರ್ಸೆಲ್ ಆಫೀಸಿನ ಗುಮಾಸ್ತ. ಆರಡಿ ಎರಡಿಂಚು ಎತ್ತರ, ಅದಕ್ಕೆ ತಕ್ಕ ಅಗಲ. ಹೊಸದಾಗಿ ಬಂದವರು ಮೂಟೆ ಎತ್ತುವವನು ಇವನೇ ಎಂದುಕೊಂಡು ಸಾಮಾನು ಇವನ ಕಾಲ ಬಳಿಯೇ ಇಳಿಸುತ್ತಿದ್ದರು. ಪಾಪ, ಅವನು ಎತ್ತುತ್ತಿದ್ದುದು ಪೆನ್ನು ಮಾತ್ರ. ಹತ್ತು ವರ್ಷ ತೂಕ ನೋಡಿ ಚೀಟಿ ಬರೆದೂ ಬರೆದೂ, ಲೋಕದಲ್ಲಿ ಇರುವುದೆಲ್ಲ ಅವನಿಗೆ ಕೆಜಿ ಲೆಕ್ಕದಲ್ಲೇ ಕಾಣುತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಆಫೀಸಿಗೆ ಬಂದ ಒಂದು ಪಾರ್ಸೆಲ್ಲನ್ನು ಯಾರೂ ಬಿಡಿಸಿಕೊಳ್ಳಲಿಲ್ಲ. ಒಂದು ವರ್ಷ ಕಾದು ಬಿಚ್ಚಿದರೆ ಒಳಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ಪ್ರತಿ, ಜೊತೆಗೆ ಇಪ್ಪತ್ತು ಮುಖದ ವಿಚಿತ್ರ ದಾಳಗಳು. ಜೊತೆಯ ಗುಮಾಸ್ತ ರವಿಕುಮಾರ ಅದನ್ನು ಓದಿ ಅರ್ಥ ಮಾಡಿಕೊಂಡ. ಅದು ಕೂತು ಕತೆ ಕಟ್ಟುವ ಆಟ. ಒಬ್ಬ ಆಟ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ಈಗ ನಾನು ಇಂಥದ್ದು ಮಾಡುತ್ತೇನೆ ಎಂದು ಹೇಳಿ ದಾಳ ಉರುಳಿಸಬೇಕು. ಆಗುತ್ತದೋ ಇಲ್ಲವೋ ಎಂಬುದನ್ನು ದಾಳವೂ ಪಾತ್ರದ ಬಲವೂ ಸೇರಿ ಹೇಳುತ್ತವೆ. ತೊಂದರೆಯೆಂದರೆ, ಪುಸ್ತಕ ಯಾವುದೋ ಮಳೆಯಲ್ಲಿ ನೆನೆದು, ಯಾವ ಗಾತ್ರದವರಿಗೆ ಎಷ್ಟು ಬಲ ಎಂಬ ಪುಟಗಳು ಅಂಟಿಕೊಂಡು ಹೋಗಿದ್ದವು. ತೂಕದ ವಿಷಯ ಎಂದ ಕೂಡಲೇ ಸಂಗಮೇಶ, ಅದನ್ನು ನಾನೇ ಬರೀತೀನಿ ಎಂದು ನೋಟ್‌ಬುಕ್ಕು ಕೊಂಡು ತಂದ.

ಆಟ ನಡೆಯುತ್ತಿದ್ದುದು ಬಿ.ಟಿ.ಎಂ. ಲೇಔಟಿನಲ್ಲಿ, ಸಂಗಮೇಶನ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ನಡೆಸುವವನು ರವಿಕುಮಾರ. ಸಂಗಮೇಶ ಒಬ್ಬ ದೈತ್ಯ, ಬಲ ಹದಿನೆಂಟು. ಮನೆಯ ಮಾಲೀಕರ ಮಗ ಮನು, ದಿನಾ ಜಿಮ್ಮಿಗೆ ಹೋಗುವ ಹುಡುಗ, ಒಬ್ಬ ಜಟ್ಟಿ, ಬಲ ಹದಿನೈದು. ಆಮೇಲೆ ಬಂದು ಸೇರಿದವಳು ಅನ್ನಪೂರ್ಣ.

ಮದುವೆಯಾಗಿ ಗಜೇಂದ್ರಗಡದಿಂದ ಬಂದ ಮೊದಲ ನಾಲ್ಕು ತಿಂಗಳು ಅವಳು ಈ ಊರಿನಲ್ಲಿ ಯಾರ ಜೊತೆಗೂ ಮಾತಾಡಿರಲಿಲ್ಲ. ಇಲ್ಲಿನವರ ಕನ್ನಡ ಅವಳ ಕಿವಿಗೆ ಬಲು ಅವಸರದ್ದು. ಏನು ಕೇಳಿದರೂ "ಹೂಂ ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ಭಾನುವಾರ ಚಹಾ ಕೊಡಲು ಬಂದವಳು ನಿಂತು ನೋಡಿದಳು, ಮುಂದಿನ ಭಾನುವಾರ ಕೂತು ನೋಡಿದಳು, ಅದರ ಮುಂದಿನ ಭಾನುವಾರ ತಾನೂ ಒಂದು ಪಾತ್ರವಾದಳು. ಮೂರಡಿ ಎತ್ತರದ ಚೋಟವ್ವ. ಆವತ್ತಿನಿಂದ ಭಾನುವಾರದ ಸಂಜೆ ಆ ಮನೆಯಲ್ಲಿ ನಗು ಕೇಳತೊಡಗಿತು. ಅದನ್ನು ಕೇಳಬೇಕೆಂದೇ ಸಂಗಮೇಶ ವಾರವೆಲ್ಲ ಕೂತು ನಿಯಮ ಬರೆಯುತ್ತಿದ್ದ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಹೇಳಿರಲೇ ಇಲ್ಲ.

ಹಿಂದಿನ ಭಾನುವಾರ ಏನಾಯಿತೆಂದರೆ, ರಾಕ್ಷಸನ ಹಾಳು ಕೋಟೆಯ ಅಡುಗೆಮನೆಯಿಂದ ಮೂರು ತಾಮ್ರದ ಹಂಡೆ ಗೆದ್ದುಕೊಂಡು ಬರುವಾಗ ಚೋಟವ್ವ ಒಂದು ಪಾಳು ಬಾವಿಗೆ ಬಿದ್ದಳು. ಹಗ್ಗ ಹಿಡಿದು ಹತ್ತಲು ಆರು ಬಲ ಬೇಕು. ಅವಳದು ಏಳು, ಮೂರು ಕಳೆದರೆ ನಾಲ್ಕು. ಒಂದು ಬಲಕ್ಕೆ ಹತ್ತು ಕೆಜಿ ಭಾರ ಎಂಬುದು ಸಂಗಮೇಶನ ಇನ್ನೊಂದು ನಿಯಮ. ಅದರಂತೆ ದೈತ್ಯ ಹೊರಬಹುದಾದದ್ದು ನೂರ ಎಂಬತ್ತು, ಹಂಡೆಗಳದೇ ನೂರೈವತ್ತು, ಚೋಟವ್ವ ಮೂವತ್ತೈದು. ಐದು ಕೆಜಿ ಹೆಚ್ಚಾಯಿತು. ಜಟ್ಟಿಯಾದ ಮನು, ನನ್ನ ಕೆಲಸ ಕಾವಲು, ಹೊರೋದಲ್ಲ ಎಂದು ದೂರ ನಿಂತ. ಅಷ್ಟು ಹೊತ್ತಿಗೆ ಕತ್ತಲಾಗಿ ಆಟ ಅಲ್ಲಿಗೇ ನಿಂತಿತು. ಎಲ್ಲರೂ ಹೋದ ಮೇಲೆ ಅನ್ನಪೂರ್ಣ ಹದಿನಾಲ್ಕನೇ ಪುಟ ತೆಗೆದು ಓದಿ, "ಛಲೋ ಬರದೀರಿ" ಎಂದು ಮುಚ್ಚಿಟ್ಟಳು. ಮರುದಿನದಿಂದ ಮಾತು ಬಂದ್.

ಬರುವ ಬುಧವಾರ ಅವಳ ಅಣ್ಣ ಬಂದು ಪಂಚಮಿ ಹಬ್ಬಕ್ಕೆ ತವರಿಗೆ ಕರೆದುಕೊಂಡು ಹೋಗುವವನಿದ್ದ. ಯುಗಾದಿಗೆ ನಾಲ್ಕು ದಿನ ಎಂದು ಹೋದವಳು ಒಂದು ತಿಂಗಳು ನಿಂತಿದ್ದಳು, ಅದೂ ಏನೂ ಜಗಳವಿಲ್ಲದೆ. ಈ ಸಿಟ್ಟಿನಲ್ಲಿ ಹೋದರೆ ದಸರೆಗೂ ಬರುವುದಿಲ್ಲ ಎಂಬ ಹೆದರಿಕೆ ಸಂಗಮೇಶನದು. ಹಾಗೆಂದು ಸುಮ್ಮನೆ ನಿಯಮ ಹೊಡೆದುಹಾಕಿದರೆ ಮನು ಬಿಡುವವನಲ್ಲ. ಗಿಡ್ಡರಲ್ಲೂ ಬಲವಿದೆ ಎಂದು ಪುರಾವೆ ಸಮೇತ ತೋರಿಸಬೇಕು, ಅದೂ ಈ ಭಾನುವಾರ ಸಂಜೆ ನಾಲ್ಕಕ್ಕೆ ಆಟ ಶುರುವಾಗುವುದರೊಳಗೆ.

ಬೆಳಿಗ್ಗೆಯೇ ಅವನು ಅಡುಗೆಮನೆಗೆ ನುಗ್ಗಿ, ಮೊದಲು ತನ್ನ ಬಲ ಎಷ್ಟೆಂದು ನೋಡಲು ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡ. ಒಂದು ಗೇಣು ಮೇಲೆದ್ದಿತು.

"ಏನ್ ಮಾಡಾಕ ಹತ್ತೀರಿ?" ಎಂದಳು ಅನ್ನಪೂರ್ಣ ಹಿಂದಿನಿಂದ.

"ಗ್ಯಾಸ್ ಮುಗದೈತೇನು ಅಂತ ನೋಡಾಕ ಹತ್ತಿದ್ದೆ."

"ಒಲಿ ಉರಿಯಾಕ ಹತ್ತೈತಿ. ಮ್ಯಾಲ ಹಾಲು ಇಟ್ಟೀನಿ."

ಅವನು ಸಿಲಿಂಡರ್ ಇಳಿಸಿ, ನೋಟ್‌ಬುಕ್ಕು ಹಿಡಿದು ಮೆಟ್ಟಿಲಿಳಿದು ಕೆಳಗೆ ಹೋದ. ಗೇಟಿನ ಬಳಿ ಮಾಲೀಕರ ಹೆಂಡತಿ ಲಕ್ಷ್ಮಮ್ಮ ಎರಡು ಕೈಯಲ್ಲಿ ಎರಡು ಬಕೆಟ್ ನೀರು ಹಿಡಿದು, ಗಿಡಗಳ ಕಡೆ ನಡೆಯುತ್ತಿದ್ದರು. ಐದಡಿಗೆ ಎರಡಿಂಚು ಕಡಿಮೆ ಇರುವ ಹೆಂಗಸು. ಸಂಗಮೇಶನ ಕಣ್ಣು ಅರಳಿತು.

"ಆಂಟಿ, ನೀವು ಒಂದ್ಸಲಕ್ಕೆ ಎಷ್ಟು ಕೆಜಿ ಎತ್ತುತ್ತೀರಿ? ಬೀರು ಗೀರು ಎತ್ತೋಕೆ ನಿಮ್ಮಂಥೋರು ಎಷ್ಟು ಜನ ಬೇಕಾಗಬಹುದು?"

ಲಕ್ಷ್ಮಮ್ಮ ಬಕೆಟ್ ಇಳಿಸಿದರು. ಬಾಡಿಗೆಯವನು ಬೆಳಿಗ್ಗೆ ಬೆಳಿಗ್ಗೆ ಬೀರು ಎತ್ತುವ ಮಾತಾಡಿದರೆ ಅದರ ಅರ್ಥ ಏನೆಂದು ಮೂರು ಮಹಡಿ ಕಟ್ಟಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ರೀ, ಬನ್ನಿ ಇಲ್ಲಿ, ಮೇಲಿನ ಮನೆಯೋರು ಖಾಲಿ ಮಾಡ್ತಾರಂತೆ" ಎಂದು ಒಳಗೆ ಕೂಗಿದರು.

ಬೈರಣ್ಣ ಟವೆಲ್ಲಿನಲ್ಲೇ ಹೊರಗೆ ಬಂದರು. ಈ ಸಾಲಿನ ಮನೆಗಳೆಲ್ಲ ಒಂದು ಕಾಲಕ್ಕೆ ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ. ಈಗ ಅವರಿಗೆ ಅರವತ್ತೆರಡು; ಎತ್ತರ ಹೆಂಡತಿಗಿಂತ ಒಂದಿಂಚು ಜಾಸ್ತಿ. "ಯಾಕಪ್ಪಾ ಸಂಗಮೇಶ, ನೀರು ಸರಿಯಾಗಿ ಬಿಡ್ತಿಲ್ವಾ? ಏನಿದ್ರೂ ಹೇಳ್ಬೇಕಪ್ಪಾ. ಮನೆ ಬಿಡೋ ಮಾತು ಯಾಕೆ?"

ಸಂಗಮೇಶ ಗಾಬರಿಯಾಗಿ ಇದ್ದದ್ದೆಲ್ಲ ಹೇಳಿಬಿಟ್ಟ. ಆಟ, ಬಾವಿ, ಚೋಟವ್ವ, ಮೂರು ಕಡಿತ. ಅಷ್ಟರಲ್ಲಿ ಮನುವೂ ಬಂದ, ಎದುರು ಮನೆಯ ಟೆಂಪೋ ಡ್ರೈವರೂ ಬಂದ, ಹಾಲಿಗೆ ಹೊರಟಿದ್ದ ಇಬ್ಬರು ನಿಂತುಕೊಂಡರು. ಬೈರಣ್ಣ ಎಲ್ಲ ಕೇಳಿ ಗಡ್ಡ ತುರಿಸಿಕೊಂಡರು.

"ಗಿಡ್ಡೋರಿಗೆ ಕಮ್ಮಿ ಅಂತ ಬರೆದಿದೀಯಾ? ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ ಸಾರ್. ಅಂದಾಜು."

"ಬಾ ಇಲ್ಲಿ."

ಕಾರಿನ ಶೆಡ್ಡಿನ ಮೂಲೆಯಲ್ಲಿ, ಹಳೇ ಟೈರುಗಳ ಪಕ್ಕ ಒಂದು ದುಂಡನೆಯ ಕಲ್ಲಿತ್ತು. ಸಂಗಮೇಶ ಅದನ್ನು ದಿನಾ ನೋಡಿದ್ದ, ಕಾರು ಹಿಂದೆ ಜಾರದಿರಲಿ ಎಂದು ಇಟ್ಟದ್ದಿರಬೇಕೆಂದು ತಿಳಿದಿದ್ದ. ಇಲ್ಲಿ ಹಳ್ಳಿಯಿದ್ದಾಗ ಅದು ಗುಡಿ ಮುಂದಿನ ಗುಂಡುಕಲ್ಲಂತೆ. ಅದನ್ನು ನೆಲದಿಂದ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಹಾಕಿದವನನ್ನೇ ಊರಿನವರು ಪೂರಾ ಆಳು ಎನ್ನುತ್ತಿದ್ದರಂತೆ. ಮಿಕ್ಕವರು ಮೀಸೆ ಬಂದರೂ ಅರೆಯಾಳು. ಪಾರ್ಸೆಲ್ ಗುಮಾಸ್ತನ ಕಣ್ಣು ಅಲ್ಲೇ ಅಂದಾಜು ಮಾಡಿತು: ಎಪ್ಪತ್ತು ಕೆಜಿಗೆ ಕಮ್ಮಿಯಿಲ್ಲ.

"ಮನು, ಎತ್ತು ನೋಡಾಣ" ಎಂದರು ಬೈರಣ್ಣ.

ಮನು ಅಂಗಿ ಬಿಚ್ಚಿ, ಕನ್ನಡಿ ಮುಂದೆ ನಿಂತವನಂತೆ ಒಂದೆರಡು ಸಲ ತೋಳು ಮಡಚಿ ಬಾಗಿದ. ಕಲ್ಲಿಗೆ ಹಿಡಿಯಿಲ್ಲ. ಬೆರಳು ಜಾರಿತು, ಮತ್ತೆ ಜಾರಿತು. "ಇದಕ್ಕೆ ಗ್ರಿಪ್ಪೇ ಇಲ್ಲ ಅಪ್ಪಾ" ಎಂದು ಕೈ ಒರೆಸಿಕೊಂಡು ಎದ್ದ.

ಬೈರಣ್ಣ ಟವೆಲ್ ಬಿಗಿ ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತರು. ಮಗುವನ್ನು ತೊಟ್ಟಿಲಿಂದ ಎತ್ತಿಕೊಳ್ಳುವ ಹಾಗೆ ಕಲ್ಲನ್ನು ತೋಳಿನೊಳಗೆ ಉರುಳಿಸಿಕೊಂಡು, ತೊಡೆಗೆ ತಂದು, ಉಸಿರು ಕಟ್ಟಿ ಎದ್ದು ನಿಂತರು. ಮೂರು ಎಣಿಸುವಷ್ಟು ಹೊತ್ತು ನಿಂತು, ಇಳಿಸಿದರು. ಹಾಲಿಗೆ ಹೊರಟವರು ಚಪ್ಪಾಳೆ ಹೊಡೆದರು. ಲಕ್ಷ್ಮಮ್ಮ ಮಾತ್ರ, "ಆಪರೇಷನ್ ಆಗಿ ವರ್ಷ ಆಗಿಲ್ಲ, ಇನ್ನೂ ಬುದ್ಧಿ ಬಂದಿಲ್ಲ" ಎಂದು ಬೈಯುತ್ತ ಅವರ ಬೆನ್ನು ಒತ್ತಿದರು. ಬೈಯುವಾಗ ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ.

"ಕಲ್ಲಿರೋದು ನೆಲದಲ್ಲಿ" ಎಂದರು ಬೈರಣ್ಣ ಏದುಸಿರಿನಲ್ಲಿ. "ಗಿಡ್ಡೋನು ನೆಲಕ್ಕೆ ಹತ್ರ ಇರ್ತಾನೆ. ನಿಮ್ಮಂಥೋರು ಕಲ್ಲು ಮುಟ್ಟೋಕೇ ಅರ್ಧ ಬಲ ಖರ್ಚು ಮಾಡ್ತೀರಿ. ಬರ್ಕೋ, ಗಿಡ್ಡೋರಿಗೆ ಏಳು ಜಾಸ್ತಿ."

ಸಂಗಮೇಶ ಸಂತೋಷದಿಂದ ನೋಟ್‌ಬುಕ್ ತೆಗೆದ. ಏಳಕ್ಕೆ ಏಳು, ಚೋಟವ್ವನ ಬಲ ಹದಿನಾಲ್ಕು.

"ತಡಿ ಗುರು" ಎಂದ ಮನು. "ಬಲ ಜಾಸ್ತಿ ಕೊಟ್ರೆ ತೂಕಾನೂ ಜಾಸ್ತಿ ಹಾಕು. ಈ ಕಲ್ಲು ನೋಡು, ಇಷ್ಟೇ ಇದೆ, ಅಲ್ಲಾಡಿಸೋಕಾಯ್ತಾ? ಗಟ್ಟಿ ಇರೋದು ಭಾರಾನೂ ಇರತ್ತೆ. ಚೋಟವ್ವ ತೊಂಬತ್ತು ಕೆಜಿ."

ನ್ಯಾಯ ಎಂದ ಟೆಂಪೋ ಡ್ರೈವರು. ಸಂಗಮೇಶ ಅದನ್ನೂ ಬರೆದ.

"ಇನ್ನು ದೈತ್ಯಂದು. ಎಲ್ಲಿ, ದೈತ್ಯ ಎತ್ಲಿ ನೋಡಾಣ" ಎಂದ ಮನು.

ಸಂಗಮೇಶ ಸುತ್ತ ನೋಡಿದ. ಆರು ಜೊತೆ ಕಣ್ಣು ಅವನ ಮೇಲೆ. ನಾನು ಬರೀ ಗುಮಾಸ್ತ ಎನ್ನಬಹುದಿತ್ತು. ಆದರೆ ಆರಡಿ ಎರಡಿಂಚಿನ ದೇಹ ಇಟ್ಟುಕೊಂಡು ಆ ಮಾತು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಾಗಿದ. ತಬ್ಬಿದ. ಕಲ್ಲು ಒಂದು ಬೆರಳಿನಷ್ಟು ಎದ್ದಂತೆ ಎಲ್ಲರಿಗೂ ಕಂಡಿತು. ಆಮೇಲೆ ಸೊಂಟದಲ್ಲಿ ಏನೋ ಚಳಕ್ ಎಂದಿತು. ಕಲ್ಲು ಕೆಳಗಿಳಿಯಿತು, ಸಂಗಮೇಶ ಮಾತ್ರ ಮೇಲೇಳಲಿಲ್ಲ.

"ಏಳಪ್ಪಾ" ಎಂದರು ಬೈರಣ್ಣ.

"ಆಗ್ತಿಲ್ಲ ಸಾರ್."

ಬಾಗಿದ ಭಂಗಿಯಲ್ಲೇ, ಮನು ಹೇಳಿದಂತೆ, ಕಲ್ಲಿನ ಮೇಲೇ ನೋಟ್‌ಬುಕ್ಕು ಇಟ್ಟುಕೊಂಡು ಅವನು ಬರೆದ: ದೈತ್ಯರಿಗೆ ಸ್ವಂತ ಮೈ ಹೊರುವುದಕ್ಕೇ ಬಲ ಹೋಗುವುದರಿಂದ ಹತ್ತು ಕಡಿತ. ಹದಿನೆಂಟು ಹೋಗಿ ಎಂಟಾಯಿತು. ಜಟ್ಟಿಯ ಬಲ ಏನು ಮಾಡೋಣ ಎಂದಾಗ ಮನು, "ನಂದು ಮೀಡಿಯಂ ಸೈಜು, ಅದನ್ನ ಮುಟ್ಟೋದೇನೂ ಬೇಡ" ಎಂದ. ಯಾರಿಗೂ ತಕರಾರಿರಲಿಲ್ಲ. ಸಂಗಮೇಶ ಕೆಳಗೆ ಸಹಿ ಹಾಕಿದ, ಬೈರಣ್ಣ ಸಾಕ್ಷಿ ಹಾಕಿದರು.

ಈಗ ಅವನನ್ನು ಎರಡು ಮಹಡಿ ಹತ್ತಿಸುವ ಪ್ರಶ್ನೆ. ಮನು ಕಂಕುಳಿಗೆ ಕೈ ಕೊಟ್ಟ. ಸಂಗಮೇಶ ಅಯ್ಯೋ ಎಂದ. ಟೆಂಪೋ ಡ್ರೈವರು, ಹಿಂದೆ ಹಾಕ್ಕೊಂಡು ಆಸ್ಪತ್ರೆಗೇ ಬಿಡ್ತೀನಿ ಎಂದ. ಗದ್ದಲಕ್ಕೆ ಅನ್ನಪೂರ್ಣ ಇಳಿದು ಬಂದಳು. ಗಂಡ ಗುಂಡುಕಲ್ಲಿಗೆ ನಮಸ್ಕಾರ ಮಾಡುತ್ತಿರುವಂತೆ ಬಾಗಿ ನಿಂತಿದ್ದನ್ನು ಒಂದು ಗಳಿಗೆ ನೋಡಿ, ಮೇಲೆ ಹೋಗಿ, ತವರಿನಿಂದ ತಂದ, ಹಳೇ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿ ಹಿಡಿದು ಬಂದಳು.

"ಇದರ ಮ್ಯಾಲ ಮಲಗಸ್ರಿ. ನಾಕ್ ಮಂದಿ ನಾಕ್ ಮೂಲಿ ಹಿಡೀರಿ" ಎಂದಳು. ಮನುವೂ ಡ್ರೈವರೂ ತಲೆಯ ಕಡೆ ಹೋದರು. "ಅಲ್ಲಲ್ಲ. ಮೆಟ್ಲ ಹತ್ತಾಗ ಎತ್ತರ ಇದ್ದಾವ್ರು ಕೆಳಗ ಇರಬೇಕು, ಗಿಡ್ಡನ್ನಾವ್ರು ಮ್ಯಾಲ. ಅಂದ್ರ ಹಾಸಿಗಿ ಸಮಾ ಇರ್ತೈತಿ. ಆಂಟಿ, ನೀವು ಈ ಕಡೆ ಬರ್ರಿ, ನಾ ಆ ಕಡೆ."

ಅಷ್ಟುದ್ದ ಮಾತನ್ನು ಅವಳ ಬಾಯಿಂದ ಲಕ್ಷ್ಮಮ್ಮ ಕೇಳಿದ್ದು ಅದೇ ಮೊದಲು. ಕೂಡಲೇ ಬಂದು ಮೂಲೆ ಹಿಡಿದರು. ಕೌದಿ ಎದ್ದಿತು, ತಿರುವುಗಳಲ್ಲಿ ಗೋಡೆಗೆ ತಾಗದೆ ಏರಿತು. ಒಳಗಿಂದ ಸಂಗಮೇಶನ ದನಿ ಬಂತು: "ಇದು ಬಾಳ ಮಹತ್ವದ್ದು. ಯಾರರ ಪೆನ್ ಕೊಡ್ರಿ."

ನಾಲ್ಕು ಗಂಟೆಗೆ ರವಿಕುಮಾರ ಬಂದಾಗ ಸಂಗಮೇಶ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಅನ್ನಪೂರ್ಣ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅವನ ಸೊಂಟದ ಬದಿಗೆ ಕಾವು ಕೊಡುತ್ತಿದ್ದಳು. ಮನು ಗೋಡೆಗೊರಗಿ ನಡೆದದ್ದೆಲ್ಲ ಹೇಳಿದ. ರವಿಕುಮಾರ ಹುಬ್ಬಳ್ಳಿಯವನಾದರೂ ಏಳು ವರ್ಷದಲ್ಲಿ ಪೂರ್ತಿ ಬೆಂಗಳೂರಿನವನಾಗಿಹೋಗಿದ್ದ. "ಸಖತ್ತಾಗಿದೆ ಮಗಾ" ಎಂದು ಹದಿನಾಲ್ಕನೇ ಪುಟ ಓದತೊಡಗಿದ.

ಸಂಗಮೇಶ ಹೆಂಡತಿಯ ಕಡೆ ಕುತ್ತಿಗೆ ತಿರುಗಿಸಿದ. ಇಡೀ ದಿನ ಕಾದಿದ್ದ ಮಾತು. "ನಿನ್ನ ಮೂರು ಕಡಿತ ತಗದೀನಿ. ಇನ್ನ ಮ್ಯಾಲ ಚೋಟವ್ವನ ಬಲ ಹದಿನಾಕು."

ಉಪ್ಪಿನ ಗಂಟು ನಿಂತಿತು. "ಅದಕ್ಕ ಕಲ್ಲ ಎತ್ತಾಕ ಹೋಗಿದ್ರೇನು?"

"ಮತ್ತ? ನೀ ಸಿಟ್ಟಾಗಿದ್ದಿ."

"ನಾಕು ಬಲಕ್ಕ ನಾ ಯಾಕ ಸಿಟ್ಟಾಗ್ಲಿ? ಮೂರ್ ಅಡಿ ಹೆಂಗಸಿಗೆ ನಾಕು ಸಾಕು." ಅವಳು ತಗ್ಗಿದ ದನಿಯಲ್ಲಿ, ಉಪ್ಪಿನ ಗಂಟನ್ನೇ ನೋಡುತ್ತ ಹೇಳಿದಳು. "ನಾ ಬಾವ್ಯಾಗ ಬಿದ್ದಿದ್ದೆ. ನೀವು ಮ್ಯಾಲ ನಿಂತು ಕೂಡಿಸಿದ್ರಿ, ಕಳದ್ರಿ, ಐದು ಕೆಜಿ ಹೆಚ್ಚಾತು ಅಂದ್ರಿ. ಒಂದು ಹಂಡೆ ಇಳಿಸಿ ಬರ್ತೀನಿ ಅನ್ನಲಿಲ್ಲ. ಆಟನ ಅದು, ನನಗ ಗೊತ್ತೈತಿ. ಆದರೂ ಈ ಊರಾಗ ನನಗ ಬ್ಯಾರೆ ಯಾರ ಅದಾರ?"

ಸಂಗಮೇಶನಿಗೆ ಸೊಂಟದ ನೋವು ಮರೆತುಹೋಯಿತು. ಆರು ದಿನ ಅವನು ಆ ಪುಟವನ್ನು ನೂರು ಸಲ ಓದಿದ್ದ, ಅದೇ ಪುಟದ ಕೆಳಗೆ ಹಾಕಿದ್ದ ಹಂಡೆಗಳ ಲೆಕ್ಕವನ್ನೂ ಓದಿದ್ದ. ಕೂಡಿದ್ದು ಸರಿಯಿದೆಯೇ ಎಂದಷ್ಟೇ ನೋಡಿದ್ದ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು. ಅಂಗಾತ ಮಲಗಿದ್ದರಿಂದ ಅದು ಕಿವಿಗೆ ಇಳಿಯಿತು.

"ರವಿ, ಆಟ ಶುರು ಮಾಡು" ಎಂದ. "ದೈತ್ಯ ಮೂರೂ ಹಂಡೆ ಕೆಳಗಿಟ್ಟ. ಬಾವಿಗೆ ಇಳೀತಾನ. ಆಕೀನ್ನ ಹೊತ್ಕೊಂಡ ಬರ್ತಾನ."

ರವಿಕುಮಾರ ಪುಟದ ಮೇಲೆ ಬೆರಳಿಟ್ಟ. "ಆಗಲ್ಲ ಮಗಾ. ನಿನ್ನ ಬಲ ಈಗ ಎಂಟು, ಎಂಬತ್ತು ಕೆಜಿ. ಚೋಟವ್ವ ಈಗ ತೊಂಬತ್ತು. ಬರೀ ಕೈಲಿ ಹೋದ್ರೂ ಎತ್ತಕ್ಕಾಗಲ್ಲ. ಬೆಳಿಗ್ಗೆ ನೀನೇ ಸೈನ್ ಹಾಕಿದೀಯಾ."

"ಹೌದು ಗುರು, ಸಾಕ್ಷೀನೂ ಇದೆ" ಎಂದ ಮನು.

"ಹಗ್ಗಾನೂ ನೂರು ಕೆಜಿ ಮೇಲೆ ತಡಿಯಲ್ಲ. ನೀನು ಇನ್ನೂರು ಇದೀಯಾ. ಇಳಿದ್ರೆ ಮೇಲೆ ಬರಕ್ಕಾಗಲ್ಲ" ಎಂದ ರವಿಕುಮಾರ.

ಸಂಗಮೇಶ ಸೂರು ನೋಡಿದ. ಎಂಬತ್ತು, ತೊಂಬತ್ತು, ನೂರು, ಇನ್ನೂರು ಎಂಬ ಅಂಕೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು. "ಹಗ್ಗ ಬ್ಯಾಡ" ಎಂದ. "ಹಾರತಾನ."

ದಾಳ ಉರುಳಿಸಿದರೆ ಬಿದ್ದದ್ದು ಎರಡು. ದೈತ್ಯ ಬಾವಿಯ ತಳದಲ್ಲಿ ದೊಪ್ಪೆಂದು ಬಿದ್ದು ಕಾಲು ಉಳುಕಿಸಿಕೊಂಡ ಎಂದು ರವಿಕುಮಾರ ಘೋಷಿಸಿದ.

"ಅಯ್ಯ, ಯಾಕ ಹಾರಿದ್ರಿ?" ಎಂದಳು ಅನ್ನಪೂರ್ಣ. "ಹದಿನಾಕು ಬಲ ಐತಲ್ಲ, ನಾನ ಹತ್ತಿ ಬರ್ತಿದ್ದೆ."

"ನೀ ಒಬ್ಬಾಕಿನ ಇದ್ದೆಲ್ಲ."

ಅವಳು ಉಪ್ಪಿನ ಗಂಟನ್ನು ಇನ್ನೊಂದು ಬದಿಗೆ ಇಟ್ಟಳು.

ಆಗ ಮನು ಕೆಮ್ಮಿದ. "ರವಿಯಣ್ಣ, ಹಂಡೆಗಳು ಮೇಲೇ ಇದಾವಲ್ವಾ? ಐವತ್ ಐವತ್ ಐವತ್, ನೂರೈವತ್ತು. ನನ್ನ ಬಲ ಹದಿನೈದು. ಕರೆಕ್ಟಾಗಿ ಸರಿಹೋಯ್ತು. ಜಟ್ಟಿ ಮೂರೂ ಹಂಡೆ ಹೊತ್ಕೊಂಡು ಊರಿಗೆ ಹೊರಟ."

ಸಂಗಮೇಶ ಏಳಲು ನೋಡಿ, ಆಗದೆ, ಮತ್ತೆ ಮಲಗಿದ. ರವಿಕುಮಾರ ಎರಡು ಸಲ ಕೂಡಿ ನೋಡಿದ, ತಪ್ಪೇನಿರಲಿಲ್ಲ. "ಹೋಯ್ತು ಮಗಾ. ದೈತ್ಯ ಅಂತೂ ಅಲ್ಲೇ. ಅಕ್ಕಾ, ಚೋಟವ್ವ ಒಬ್ಬಳೇ ಹತ್ತಿ ಬರಬಹುದು, ಅವಳಿಗೆ ಹಗ್ಗ ತಡಿಯತ್ತೆ. ಹತ್ತಿಸ್ಲಾ?"

ಅನ್ನಪೂರ್ಣ ಗಂಡನನ್ನು ನೋಡಿದಳು. ಹಂಡೆ ಹೋಗಿ, ಬಲ ಹೋಗಿ, ಸೊಂಟವೂ ಹೋಗಿ, ಚಾಪೆಯ ಉದ್ದ ಸಾಲದೆ ಕಾಲು ನೆಲದ ಮೇಲಿಟ್ಟು ಮಲಗಿದ್ದ ಆರಡಿ ಎರಡಿಂಚಿನ ಮನುಷ್ಯನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕಳು. ಆರು ದಿನದ ನಗು ಒಟ್ಟಿಗೇ ಬಂತು, ಕೆಳಗಿನ ಮನೆಯ ಲಕ್ಷ್ಮಮ್ಮನಿಗೂ ಕೇಳಿಸಿತು.

"ಇಲ್ರಿ, ಹತ್ತೂದಿಲ್ಲ" ಎಂದಳು ಕಣ್ಣೊರೆಸಿಕೊಂಡು. "ಇಲ್ಲೇ ಕುಂದರ್ತಾಳ."

ಎಲ್ಲರೂ ಹೋದ ಮೇಲೆ ಸಂಗಮೇಶ ಮೆಲ್ಲಗೆ ಕೇಳಿದ, "ಪಂಚಮಿಗೆ ಹೋದರ ಎಷ್ಟು ದಿನ ಇರ್ತಿ?"

"ಬುಧವಾರ ಹೋಗಿ ಶನಿವಾರ ಬಂದುಬಿಡ್ತೀನಿ" ಎಂದಳು ಅವಳು, ಬಾಣಲೆಯಲ್ಲಿ ಉಪ್ಪನ್ನು ಮತ್ತೆ ಬಿಸಿಗಿಡುತ್ತ. "ನಿಮ್ಮನ್ನ ಒಬ್ಬರನ್ನ ಬಾವ್ಯಾಗ ಬಿಟ್ಟು ಎಷ್ಟು ದಿನ ಅಂತ ಇರ್ಲಿ?"